‘ಎಂತಕ್ಕೆ’ ಕಾಲಂ: ಗಣಿತದ ತರಗತಿಯಲ್ಲಿ ಉಪಯೋಗಕ್ಕೆ ಬರುವ ನೋಟ್ಸ್ ಬರೆಯುವ ಬಗೆ

ಹತ್ತನೇ ತರಗತಿಯಲ್ಲಿ ನನ್ನ ಗಣಿತದ ನೋಟ್ಸ್ ನೋಡಿದವರೆಲ್ಲ ಹೊಗಳಿದವರೇ. ಬೋರ್ಡಿನಲ್ಲಿದ್ದ ಒಂದಕ್ಷರವನ್ನೂ ಬಿಡುತ್ತಿರಲಿಲ್ಲ. ನೀಲಿಯಲ್ಲಿ ಲೆಕ್ಕ, ಕಪ್ಪಿನಲ್ಲಿ ತಲೆಬರಹ, ಉತ್ತರದ ಕೆಳಗೆ ಸ್ಕೇಲಿಟ್ಟು ಎರಡು ಗೆರೆ. ತೀರ್ಥಹಳ್ಳಿ ಕಡೆಯ ನಮ್ಮ ಹೈಸ್ಕೂಲಿಗೆ ಯಾರಾದರೂ ತಪಾಸಣೆಗೆ ಬಂದರೆ ತೋರಿಸಲಿಕ್ಕೆ ಅದೇ ಪುಸ್ತಕ ಹೋಗುತ್ತಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ತೆರೆದು ಕೂತಾಗ ಮಾತ್ರ ಎದೆ ಧಸಕ್ಕೆಂದಿತು. ಒಂದು ಸಾಲಿನಲ್ಲಿ ‘ಎರಡೂ ಕಡೆ 9 ಕೂಡಿಸಿದಾಗ’ ಎಂದು ಬರೆದಿತ್ತು. ಆ ಒಂಬತ್ತು ಎಲ್ಲಿಂದ ಬಂತು ಎಂದು ಎಲ್ಲೂ ಬರೆದಿರಲಿಲ್ಲ. ಮೇಷ್ಟ್ರು ಅದನ್ನು ಬಾಯಲ್ಲಿ ಹೇಳಿದ್ದರು. ಆ ಹೊತ್ತಿಗೆ ನಾನು ಸ್ಕೇಲ್ ಹುಡುಕುತ್ತಿದ್ದೆ.

ಈಗ ಶಿವಮೊಗ್ಗದಲ್ಲಿ ಮನೆಪಾಠ ಹೇಳುತ್ತೇನೆ. ಹೊಸದಾಗಿ ಸೇರುವ ಮಕ್ಕಳ ಪುಸ್ತಕ ತಿರುವಿದರೆ ಹತ್ತರಲ್ಲಿ ಎಂಟು ನನ್ನ ಆ ಪುಸ್ತಕದ ತಮ್ಮಂದಿರೇ. ಬೋರ್ಡಿನಲ್ಲಿ ಬರುವ ಲೆಕ್ಕ ಹೆಚ್ಚುಕಮ್ಮಿ ಪಠ್ಯಪುಸ್ತಕದಲ್ಲೂ ಇರುತ್ತದೆ, ಗೈಡಿನಲ್ಲೂ ಇರುತ್ತದೆ. ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವಾಗ ಮೇಷ್ಟ್ರು ಆಡುವ ಅರ್ಧ ವಾಕ್ಯ ಮಾತ್ರ ಮತ್ತೆಲ್ಲೂ ಸಿಗುವುದಿಲ್ಲ. ಅದನ್ನು ಹಿಡಿದಿಡಲಿಕ್ಕೆ ನಾನು ಮಕ್ಕಳಿಗೆ ಹೇಳಿಕೊಡುವ ಕ್ರಮ ಇದು. ಎಂಟನೇ ತರಗತಿಯಿಂದ ಪಿಯುಸಿವರೆಗೆ ಯಾರು ಬೇಕಾದರೂ ಮಾಡಬಹುದು.

ಹಂತ 1: ಪುಸ್ತಕಕ್ಕೆ ಗೆರೆ ಹಾಕುವುದು

ಇನ್ನೂರು ಪುಟದ ಗೆರೆಯ ಲಾಂಗ್ ಬುಕ್ ಒಂದು ಸಾಕು. ಬಿಡಿಹಾಳೆ ಬೇಡ. ಮಲೆನಾಡಿನ ಚೀಲದೊಳಗೆ ಬಿಡಿಹಾಳೆ ಜೂನ್ ದಾಟುವುದಿಲ್ಲ.

ಮೊದಲ ನಾಲ್ಕು ಪುಟ ಖಾಲಿ ಬಿಡಿ, ಅದರ ಕೆಲಸ ಆಮೇಲೆ ಹೇಳುತ್ತೇನೆ. ಅಲ್ಲಿಂದ ಮುಂದೆ ಪುಸ್ತಕ ಬಿಡಿಸಿದಾಗ ಬಲಗೈ ಕಡೆ ಬರುವ ಪುಟದಲ್ಲಷ್ಟೇ ತರಗತಿಯ ನೋಟ್ಸ್. ಎಡಗೈ ಕಡೆಯ ಪುಟ ತರಗತಿಯಲ್ಲಿ ಖಾಲಿಯೇ ಇರಬೇಕು. ಬಲಪುಟದಲ್ಲಿ ಬಲ ಅಂಚಿನಿಂದ ನಾಲ್ಕು ಬೆರಳಗಲ ಬಿಟ್ಟು ಪೆನ್ಸಿಲಿನಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಅಗಲದ ಭಾಗ ಲೆಕ್ಕಕ್ಕೆ, ನಾಲ್ಕು ಬೆರಳಿನ ಭಾಗ ಕಾರಣಕ್ಕೆ. ಆ ಭಾಗದ ನೆತ್ತಿಯ ಮೇಲೆ ‘ಎಂತಕ್ಕೆ?’ ಎಂದು ಬರೆಯಿರಿ. ‘ಏಕೆ’ ಎಂದು ಬರೆದರೂ ನಡೆಯುತ್ತದೆ. ಆದರೆ ನಮ್ಮ ಕಡೆಯ ಮಕ್ಕಳ ಬಾಯಲ್ಲಿ ತಾನಾಗಿ ಬರುವ ಮಾತು ಎಂತಕ್ಕೆ ಅಂತಲೇ, ಕೇಳಲಿಕ್ಕೆ ಅದೇ ಸಲೀಸು.

ಮಾಮೂಲಿ ಮಾರ್ಜಿನ್ನು ಇದಕ್ಕೆ ಸಾಲುವುದಿಲ್ಲ. ಫ್ರೆಂಚ್ ಗಣಿತಜ್ಞ ಫರ್ಮಾ 1637ರ ಆಸುಪಾಸಿನಲ್ಲಿ ತಾನು ಓದುತ್ತಿದ್ದ ಪುಸ್ತಕದ ಅಂಚಿನಲ್ಲಿ ಒಂದು ಪ್ರಮೇಯ ಬರೆದು, ಇದಕ್ಕೆ ಸೊಗಸಾದ ಸಾಧನೆ (ಅಂದರೆ ಪ್ರೂಫ್) ಸಿಕ್ಕಿದೆ, ಬರೆಯಲು ಈ ಅಂಚು ಸಾಲದು ಎಂದು ಸೇರಿಸಿಟ್ಟ. ಆ ಪ್ರಮೇಯಕ್ಕೆ ಸಾಧನೆ ಜಗತ್ತಿಗೆ ಸಿಕ್ಕಿದ್ದು 1995ರಲ್ಲಿ, ಆಂಡ್ರ್ಯೂ ವೈಲ್ಸ್ ಎಂಬವರಿಂದ. ನಮಗೆ ಪರೀಕ್ಷೆ ಮಾರ್ಚಿನಲ್ಲೇ ಬರುತ್ತದೆ, ಅಂಚು ಅಗಲ ಇರಲಿ.

ಗೆರೆ ಎಳೆಯುವ ಕೆಲಸ ತರಗತಿಯಲ್ಲಿ ಬೇಡ. ಭಾನುವಾರ ರಾತ್ರಿ ಕೂತು ಹದಿನೈದು ಪುಟಕ್ಕೆ ಒಟ್ಟಿಗೇ ಹಾಕಿಡಿ.

ಪೆನ್ನಿನ ವಿಷಯಕ್ಕೆ ಬಂದರೆ, ಬರೆಯಲಿಕ್ಕೆ ಒಂದು ಬಾಲ್ ಪೆನ್ನು, ಚಿತ್ರಕ್ಕೆ ಪೆನ್ಸಿಲ್, ಕಾರಣದ ಭಾಗಕ್ಕೆ ಬೇಕಿದ್ದರೆ ಇನ್ನೊಂದು ಬಣ್ಣ. ಅಷ್ಟು ಸಾಕು. ಹೈಲೈಟರ್ ಬಳಿದು ಬಳಿದು ಹೋಳಿಹುಣ್ಣಿಮೆಯಾದ ಪುಟಗಳನ್ನು ನೋಡಿದ್ದೇನೆ. ಎಲ್ಲವೂ ಹೊಳೆಯುತ್ತಿದ್ದರೆ ಮುಖ್ಯವಾದದ್ದು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಹಂತ 2: ಹಿಂದಿನ ದಿನದ ಹತ್ತು ನಿಮಿಷ

ನಾಳೆ ಯಾವ ಪಾಠ ಎಂದು ಗೊತ್ತಿದ್ದರೆ ಅದರ ಮೊದಲ ಎರಡು ಪುಟ ಓದಿ. ಅರ್ಥವಾಗಲೇಬೇಕು ಎಂದಿಲ್ಲ. ಹೊಸ ಪದ, ಹೊಸ ಚಿಹ್ನೆ ಏನೇನಿದೆ ನೋಡಿ, ಅವುಗಳ ವ್ಯಾಖ್ಯೆಯನ್ನು ಪುಟದ ಮೇಲ್ಗಡೆ ಮೊದಲೇ ಬರೆದಿಟ್ಟುಕೊಳ್ಳಿ. ತರಗತಿಯಲ್ಲಿ ಎಲ್ಲರೂ ತಲೆ ತಗ್ಗಿಸಿ ‘ಸಮಾಂತರ ಶ್ರೇಢಿ ಎಂದರೆ…’ ಎಂದು ಬರೆದುಕೊಳ್ಳುವಾಗ ನೀವು ತಲೆ ಎತ್ತಿ ಕೇಳಿಸಿಕೊಳ್ಳಬಹುದು.

ಹಂತ 3: ತರಗತಿಯಲ್ಲಿ

ಮೊದಲು ನನ್ನ ಆ ಒಂಬತ್ತಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ವರ್ಗ ಪೂರ್ಣಗೊಳಿಸುವ ವಿಧಾನ. ಬೋರ್ಡಿನಲ್ಲಿ ಇಷ್ಟೇ ಇತ್ತು:

ಎಕ್ಸ್² + 6ಎಕ್ಸ್ + 5 = 0
ಎಕ್ಸ್² + 6ಎಕ್ಸ್ = −5
ಎಕ್ಸ್² + 6ಎಕ್ಸ್ + 9 = −5 + 9
(ಎಕ್ಸ್ + 3)² = 4
ಎಕ್ಸ್ + 3 = ±2
ಎಕ್ಸ್ = −1 ಅಥವಾ −5

ಇದನ್ನು ಅಗಲದ ಭಾಗದಲ್ಲಿ ಬರೆಯಿರಿ. ಪಕ್ಕದ ‘ಎಂತಕ್ಕೆ’ ಭಾಗದಲ್ಲಿ ಸಾಲಿಗೆ ಸಾಲು ಹೊಂದಿಸಿ ಬರಬೇಕಾದದ್ದು ಇದು:

ಎರಡನೇ ಸಾಲು: ವರ್ಗ ಕಟ್ಟಲಿಕ್ಕೆ 5 ಬೇಕಾಗಿಲ್ಲ, ಆಚೆ ಕಳಿಸು.
ಮೂರನೇ ಸಾಲು: 6ರ ಅರ್ಧ 3, ಮೂರರ ವರ್ಗ 9. ಒಂದೇ ಕಡೆ ಹಾಕಿದರೆ ತಕ್ಕಡಿ ವಾಲುತ್ತದೆ, ಎರಡೂ ಕಡೆ ಹಾಕು.
ನಾಲ್ಕನೇ ಸಾಲು: (ಎ + ಬಿ)² ಸೂತ್ರ ಹಿಂದುಮುಂದಾಗಿ.
ಐದನೇ ಸಾಲು: 2ರ ವರ್ಗವೂ 4, −2ರ ವರ್ಗವೂ 4. ಅದಕ್ಕೇ ±. ಮರೆತರೆ ಒಂದು ಉತ್ತರ ಹೋಯಿತು.
ಕೊನೆಗೆ: ತಾಳೆ. 1 − 6 + 5 = 0. 25 − 30 + 5 = 0. ಸರಿ.
ಎಚ್ಚರ: ಎಕ್ಸ್² ಮುಂದೆ 1 ಬಿಟ್ಟು ಬೇರೆ ಸಂಖ್ಯೆ ಇದ್ದರೆ ಮೊದಲು ಅದರಿಂದ ಭಾಗಿಸಬೇಕು.

ಬಲಗಡೆಯ ಈ ಹತ್ತಾರು ಮಾತು ಇದ್ದರೆ ಎಡಗಡೆಯ ಲೆಕ್ಕ ಅಳಿಸಿಹೋದರೂ ಮತ್ತೆ ಕಟ್ಟಬಹುದು. ಬರೀ ಲೆಕ್ಕ ಇದ್ದು ಈ ಮಾತು ಇಲ್ಲದಿದ್ದರೆ, 6 ಇದ್ದಲ್ಲಿ 10 ಕೊಟ್ಟ ಕೂಡಲೇ ಕೈ ನಿಲ್ಲುತ್ತದೆ. ನನ್ನದು ನಿಂತಿತ್ತು.

ಇಲ್ಲೊಂದು ಮಾತು ಹೇಳಬೇಕು. ಮೇಷ್ಟ್ರ ವಾಕ್ಯವನ್ನು ಪೂರ್ತಿ ಬರೆಯಲು ಹೋಗಬೇಡಿ. ‘6ರ ಅರ್ಧ, ವರ್ಗ’ ಎಂದರೆ ಸಾಕು. ಗಣಿತದವರು ಇದಕ್ಕಾಗಿಯೇ ಎರಡು ಚಿಹ್ನೆ ಇಟ್ಟುಕೊಂಡಿದ್ದಾರೆ: ‘ಏಕೆಂದರೆ’ ಎನ್ನಲು ∵, ‘ಆದ್ದರಿಂದ’ ಎನ್ನಲು ∴. ಮೊದಲನೆಯದನ್ನು ಮಕ್ಕಳು ಬಳಸುವುದು ತೀರಾ ಕಡಿಮೆ. ನಾಲ್ಕು ಬೆರಳಿನ ಜಾಗದಲ್ಲಿ ಅದು ಬಂಗಾರ.

ಬೋರ್ಡು ಬೇಗ ಒರೆಸುವ ಮೇಷ್ಟ್ರು ಸಿಕ್ಕರೆ ಏನು ಮಾಡುವುದು? ಎಲ್ಲವನ್ನೂ ಬರೆಯಲಿಕ್ಕಾಗುವುದಿಲ್ಲ, ಬರೆಯಲೂ ಬೇಡಿ. ಮೊದಲು ಪ್ರಶ್ನೆ. ಆಮೇಲೆ ಲೆಕ್ಕ ತಿರುಗುವ ಸಾಲು, ಅಂದರೆ ‘ಇಲ್ಲಿ ಇದು ಹೇಗೆ ಹೊಳೆಯಿತು’ ಎಂದು ನಿಮಗೆ ಅನಿಸುವ ಸಾಲು, ಅದರ ಕಾರಣದ ಜೊತೆಗೆ. ಕೊನೆಗೆ ಉತ್ತರ. ನಡುವಿನ ಕೂಡು-ಕಳೆ ಬಿಟ್ಟು ಆರೇಳು ಸಾಲು ಖಾಲಿ ಇಡಿ. ಸಂಜೆ ಅದನ್ನು ನೀವೇ ತುಂಬಬೇಕು, ತುಂಬಲಿಕ್ಕೆ ಬಂತು ಎಂದರೆ ಲೆಕ್ಕ ನಿಮ್ಮದಾಯಿತು ಎಂದೇ ಅರ್ಥ.

ಉತ್ತರ ಮಾತ್ರ ಬರೆದುಕೊಳ್ಳುವ ಬುದ್ಧಿವಂತರೂ ಇದ್ದಾರೆ. ಅವರಿಗೆ ರಾಮಾನುಜನ್ ಕತೆ ಹೇಳುತ್ತೇನೆ. ಕಾಗದಕ್ಕೆ ದುಡ್ಡಿಲ್ಲದೆ ಅವರು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ಫಲಿತಾಂಶವನ್ನಷ್ಟೇ ನೋಟುಪುಸ್ತಕಕ್ಕೆ ಇಳಿಸುತ್ತಿದ್ದರು. ಅವರು 1920ರಲ್ಲಿ ತೀರಿಹೋದ ಮೇಲೆ ಆ ಸೂತ್ರಗಳಿಗೆ ಸಾಧನೆ ಹುಡುಕುವುದರಲ್ಲಿ ಗಣಿತಜ್ಞರು ದಶಕಗಳನ್ನೇ ಕಳೆದರು. ನಮ್ಮ ನೋಟ್ಸಿಗಾಗಿ ಯಾರೂ ಅಷ್ಟು ಕಷ್ಟಪಡುವುದಿಲ್ಲ.

ಸಮ ಚಿಹ್ನೆಯನ್ನು ಹಾಳು ಮಾಡಬೇಡಿ

ಅವಸರದಲ್ಲಿ ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ‘=’. ಒಂದು ಎಕರೆಯಲ್ಲಿ ಒಂಬತ್ತು ಅಡಿಗೊಂದರಂತೆ ಎಷ್ಟು ಅಡಿಕೆ ಸಸಿ ಹಿಡಿಸುತ್ತದೆ ಎಂದು ಕೇಳಿದರೆ ಮಕ್ಕಳು ಹೀಗೆ ಬರೆಯುತ್ತಾರೆ:

9 × 9 = 81 = 43,560 ÷ 81 = 537

ಒಂದು ಎಕರೆಗೆ 43,560 ಚದರ ಅಡಿ, ಸಸಿಯೊಂದಕ್ಕೆ 81 ಚದರ ಅಡಿ, ಭಾಗಿಸಿದರೆ 537 ಚಿಲ್ಲರೆ. ಲೆಕ್ಕ ಸರಿಯಾಗಿದೆ, ಬರೆದದ್ದು ತಪ್ಪಾಗಿದೆ. ಆ ಸಾಲಿನ ಪ್ರಕಾರ 81ಕ್ಕೂ 537ಕ್ಕೂ ವ್ಯತ್ಯಾಸವೇ ಇಲ್ಲ! 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ವೇಲ್ಸಿನ ವೈದ್ಯ ಈ ಚಿಹ್ನೆಯನ್ನು ಮೊದಲು ಅಚ್ಚು ಹಾಕಿಸಿದ. ಒಂದೇ ಉದ್ದದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಬೇರೆ ಇಲ್ಲ ಎಂಬುದು ಅವನು ಕೊಟ್ಟ ಕಾರಣ. ‘ಮುಂದೆ ಏನು ಮಾಡಿದೆ’ ಎಂದು ಹೇಳಲಿಕ್ಕೆ ಬೇಕಾದರೆ ಹೊಸ ಸಾಲಿಗೆ ಹೋಗಿ, ಇಲ್ಲವೇ ಬಾಣದ ಗುರುತು ಹಾಕಿ.

ಚಿತ್ರ ದೊಡ್ಡದಿರಲಿ

ರೇಖಾಗಣಿತ, ತ್ರಿಕೋನಮಿತಿಗೆ ಬಂದರೆ ಕಾಲು ಪುಟಕ್ಕಿಂತ ಸಣ್ಣ ಚಿತ್ರ ಬರೆಯಬೇಡಿ. ಉನ್ನತ ಕೋನ, ಅವನತ ಕೋನ ಇವೆರಡರಲ್ಲಿ ಗೊಂದಲವಾಗದ ಮಗುವೇ ಇಲ್ಲ. ನಾನು ಜೋಗಕ್ಕೆ ಕರೆದುಕೊಂಡು ಹೋಗುತ್ತೇನೆ, ಕಾಗದದ ಮೇಲೆ. ಜಲಪಾತದ ಎತ್ತರ 253 ಮೀಟರ್. ಎದುರಿನ ದಂಡೆಯ ಮೇಲೆ ನಿಂತು ನೀರು ಬೀಳುವ ಗುಂಡಿಯನ್ನು ನೋಡಿದರೆ ಕಣ್ಣು ಕೆಳಗಿಳಿಯುತ್ತದೆ, ಅದು ಅವನತ. ಮೆಟ್ಟಿಲಿಳಿದು ಬುಡಕ್ಕೆ ಹೋಗಿ ತುದಿ ನೋಡಿದರೆ ಕತ್ತು ಮೇಲೇಳುತ್ತದೆ, ಅದು ಉನ್ನತ. ಎರಡರಲ್ಲೂ ಕೋನ ಅಳೆಯುವುದು ಕಣ್ಣಿನ ಮಟ್ಟದ ಅಡ್ಡಗೆರೆಯಿಂದಲೇ, ಬಂಡೆಯಿಂದ ಅಲ್ಲ. ಆ ಅಡ್ಡಗೆರೆಯನ್ನು ಚಿತ್ರದಲ್ಲಿ ಚುಕ್ಕೆಚುಕ್ಕೆಯಾಗಿ ಹಾಕಿ, ‘ಎಂತಕ್ಕೆ’ ಭಾಗದಲ್ಲಿ ‘ಇಲ್ಲಿಂದ ಅಳೆ’ ಎಂದು ಬರೆಯಿರಿ. ಉನ್ನತ ಕೋನ 30° ಆಗಬೇಕಾದರೆ ಬುಡದಿಂದ 253 × √3, ಅಂದರೆ ಸುಮಾರು 438 ಮೀಟರ್ ದೂರ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿ ನಿಂತರೆ ತುದಿಯೂ ಕಾಣದು, ಬುಡವೂ ಕಾಣದು, ಅದು ಬೇರೆ ವಿಷಯ.

ಪ್ರಮೇಯಕ್ಕೆ ಚಿತ್ರ ಎರಡು ಸಲ ಬೇಕು. ಮೊದಲು ದತ್ತದಲ್ಲಿ ಇರುವಷ್ಟೇ. ಇನ್ನೊಂದು, ರಚನೆ ಸೇರಿಸಿದ ಮೇಲೆ. ಎರಡನ್ನೂ ಒಂದರಲ್ಲೇ ತುಂಬಿದರೆ ಯಾವುದು ಕೊಟ್ಟದ್ದು, ಯಾವುದು ನಾವು ಎಳೆದದ್ದು ಎಂದು ಆರು ತಿಂಗಳ ಮೇಲೆ ತಿಳಿಯುವುದಿಲ್ಲ. ದತ್ತ, ಸಾಧನೀಯ, ರಚನೆ, ಸಾಧನೆ ಈ ನಾಲ್ಕರಲ್ಲಿ ‘ಎಂತಕ್ಕೆ’ ಹೆಚ್ಚು ಬೇಕಾಗುವುದು ರಚನೆಗೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎನ್ನುವ ಥೇಲ್ಸನ ಪ್ರಮೇಯದಲ್ಲಿ ಇದ್ದಕ್ಕಿದ್ದಂತೆ ಎರಡು ಲಂಬ ಎಳೆಯುತ್ತಾರಲ್ಲ, ಅದರ ಪಕ್ಕ ‘ಎತ್ತರ ಸಿಕ್ಕಿದರೆ ವಿಸ್ತೀರ್ಣ ಬರೆಯಬಹುದು, ವಿಸ್ತೀರ್ಣದಿಂದ ಅನುಪಾತ’ ಎಂದು ಬರೆದುಕೊಂಡವನಿಗೆ ಉಳಿದ ಸಾಧನೆ ಬಾಯಿಪಾಠ ಬೇಕಾಗುವುದಿಲ್ಲ.

ಮೇಷ್ಟ್ರ ತಮಾಷೆಯನ್ನೂ ಬರೆದುಕೊಳ್ಳಿ

ನಮ್ಮ ಮೇಷ್ಟ್ರು ಒಬ್ಬರು ಹೇಳುತ್ತಿದ್ದರು: ‘ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗ್ತದೆ ಕಣ್ರೋ, ರಾಜಕೀಯದಲ್ಲೂ ಅಷ್ಟೇ, ಸಮೀಕರಣದಲ್ಲೂ ಅಷ್ಟೇ.’ ತರಗತಿ ನಕ್ಕಿತು, ಯಾರೂ ಬರೆದುಕೊಳ್ಳಲಿಲ್ಲ. ಆದರೆ ಇಷ್ಟು ವರ್ಷವಾದರೂ ನನಗೆ ನೆನಪಿರುವುದು ಅದೇ. ಹೀಗೆ ತಲೆಗೆ ಅಂಟುವ ಮಾತು ಬಂದರೆ ಹಾಗೇ ಬರೆದಿಡಿ. ಅದರ ಕೆಳಗೆ ನಿಜವಾದ ಕಾರಣವನ್ನೂ ಒಂದು ಸಾಲು ಸೇರಿಸಿ: ಎರಡೂ ಕಡೆಯಿಂದ 5 ಕಳೆದಿದ್ದೇವೆ, ಈ ಕಡೆ ಅದು ಹೋಯಿತು, ಆ ಕಡೆ −5 ಬಂತು. ಬರೀ ತಮಾಷೆ ನೆಚ್ಚಿದವರು ಗುಣಾಕಾರದಲ್ಲಿರುವ ಸಂಖ್ಯೆಯನ್ನು ಆಚೆ ಕಳಿಸುವಾಗಲೂ ಚಿಹ್ನೆ ಬದಲಿಸಿ ಕೂರುತ್ತಾರೆ. 3ಎಕ್ಸ್ = 12 ಎಂದಿದ್ದರೆ 3 ಆಚೆ ಹೋಗಿ ಭಾಗಿಸುತ್ತದೆ, −3 ಆಗುವುದಿಲ್ಲ.

ತಪ್ಪಿಹೋದಾಗ

ಆರಿದ್ರಾ ಮಳೆ ತಗಡಿನ ಮಾಡಿನ ಮೇಲೆ ಹೊಡೆಯಲು ಶುರುವಾದರೆ ಮೂರನೇ ಬೆಂಚಿನಿಂದಾಚೆ ಮೇಷ್ಟ್ರ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತದೆ. ಹೊರಗಿನವರಿಗೆ ಉತ್ಪ್ರೇಕ್ಷೆ ಅನಿಸಬಹುದು, ಹೊಸನಗರ, ಆಗುಂಬೆ ಕಡೆ ಓದಿದವರನ್ನು ಕೇಳಿ ನೋಡಿ. ಆಗ ಬೋರ್ಡನ್ನು ಬರೆದುಕೊಳ್ಳಿ, ಕೇಳದೆ ಹೋದ ಸಾಲಿನ ಪಕ್ಕ ‘ಎಂತಕ್ಕೆ’ ಭಾಗದಲ್ಲಿ ಖಾಲಿ ಚೌಕ ಹಾಕಿ ಮುಂದೆ ಹೋಗಿ. ಮಳೆ ಇಲ್ಲದೆಯೂ ಅರ್ಥವಾಗದೆ ತಪ್ಪಿಹೋದರೆ ಇದೇ ಉಪಾಯ. ಅಲ್ಲೇ ನಿಂತು ತಲೆ ಕೆರೆದುಕೊಂಡರೆ ಮುಂದಿನ ಲೆಕ್ಕವೂ ಕೈತಪ್ಪುತ್ತದೆ.

ಗಂಟೆ ಹೊಡೆದ ಮೇಲೆ ಆ ಚೌಕ ತೋರಿಸಿ ಕೇಳಿ: ‘ಸಾರ್, ಮೂರನೇ ಸಾಲಲ್ಲಿ ಒಂಬತ್ತು ಎಂತಕ್ಕೆ?’ ಹೀಗೆ ಕೇಳಿದವರಿಗೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ, ಬಾಗಿಲಲ್ಲಿ ನಿಂತೇ ಹೇಳುತ್ತಾರೆ. ‘ಸಾರ್, ಏನೂ ಅರ್ಥ ಆಗ್ಲಿಲ್ಲ’ ಎಂದರೆ ಅವರಾದರೂ ಎಲ್ಲಿಂದ ಶುರು ಮಾಡಬೇಕು?

ಹಂತ 4: ತಪ್ಪನ್ನು ರಬ್ಬರಿನಿಂದ ಉಜ್ಜಬೇಡಿ

ತಪ್ಪು ಮಾಡಿದ ಸಾಲಿಗೆ ಒಂದೇ ಒಂದು ಅಡ್ಡಗೆರೆ ಹೊಡೆಯಿರಿ, ಓದಲು ಬರುವಂತೆ. ಪಕ್ಕದಲ್ಲಿ ಏನು ತಪ್ಪಿದಿರಿ ಎಂದು ಬರೆಯಿರಿ. ‘ಆವರಣ ಬಿಡಿಸುವಾಗ ಎರಡನೇ ಪದದ ಚಿಹ್ನೆ ಬದಲಿಸಲಿಲ್ಲ’ ಎಂಬ ಮಾತು ಒಂದು ತಿಂಗಳಲ್ಲಿ ಮೂರು ಪುಟದಲ್ಲಿ ಕಂಡರೆ ನಿಮ್ಮ ರೋಗ ಯಾವುದೆಂದು ನಿಮಗೇ ತಿಳಿಯುತ್ತದೆ. ಪುಸ್ತಕ ಚೆಂದ ಕಾಣುವುದಿಲ್ಲ, ನಿಜ. ನೋಟ್ಸ್ ತಿದ್ದುವಾಗ ಕಾಟು ಕಂಡರೆ ಬೈಯುವ ಮೇಷ್ಟ್ರೂ ಇದ್ದಾರೆ. ಅಂಥವರಿದ್ದರೆ ತಪ್ಪುಗಳನ್ನು ಎಡಪುಟಕ್ಕೆ ಸಾಗಿಸಿ. ಫೇರ್ ನೋಟ್ಸ್ ಅಂತ ಇಡೀ ಪುಸ್ತಕವನ್ನು ಮತ್ತೊಮ್ಮೆ ನಕಲು ಮಾಡುವುದನ್ನು ಮಾತ್ರ ಶಾಲೆಯಲ್ಲಿ ಕಡ್ಡಾಯವಿಲ್ಲದಿದ್ದರೆ ಮಾಡಬೇಡಿ. ಕೈ ನೋಯುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಅಷ್ಟು ಹೊತ್ತಿನಲ್ಲಿ ಐದು ಹೊಸ ಲೆಕ್ಕ ಮಾಡಬಹುದು.

ಹಂತ 5: ಎರಡು ಭಾಷೆಯ ಪದಪಟ್ಟಿ

ಮೊದಲ ನಾಲ್ಕು ಖಾಲಿ ಪುಟದಲ್ಲಿ ಒಂದು ಪರಿವಿಡಿಗೆ, ಮೂರು ಇದಕ್ಕೆ. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವವರು, ಮುಂದೆ ವಿಜ್ಞಾನ ತೆಗೆದುಕೊಳ್ಳಬೇಕು ಎಂದಿರುವವರು ಇದನ್ನು ಎಂಟನೇ ತರಗತಿಯಿಂದಲೇ ಶುರು ಮಾಡಿ.

ನಾನು ಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದು ಪಿಯುಸಿ ಸೇರಿದ ಮೊದಲ ವಾರ ಉಪನ್ಯಾಸಕರ ಬಾಯಲ್ಲಿ ‘ಕೋಎಫಿಷಿಯೆಂಟ್’ ಎಂಬ ಪದ ನಿಮಿಷಕ್ಕೊಮ್ಮೆ ಬರುತ್ತಿತ್ತು. ಯಾವುದೋ ಹೊಸ ವಿಷಯ, ನನಗೆ ಹತ್ತುವುದಿಲ್ಲ ಎಂದು ಹೆದರಿ ಕೂತಿದ್ದೆ. ಅದು ನಾನು ವರ್ಷಗಳಿಂದ ಬಲ್ಲ ಸಹಗುಣಕವೇ ಎಂದು ಗೊತ್ತಾಗಲು ಎಂಟು ದಿನ ಬೇಕಾಯಿತು. ಪಕ್ಕದವನನ್ನು ಕೇಳಲು ನಾಚಿಕೆ. ಆ ಎಂಟು ದಿನದ ನೋಟ್ಸಿನಲ್ಲಿ ಪದ ಇದೆ, ಅರ್ಥ ಇಲ್ಲ.

ಪಟ್ಟಿಯಲ್ಲಿ ಮೂರು ಅಂಕಣ ಮಾಡಿ: ಕನ್ನಡ ಪದ, ಇಂಗ್ಲಿಷ್ ಪದ, ಒಂದು ಪುಟ್ಟ ಉದಾಹರಣೆ. ಬಹುಪದೋಕ್ತಿ ಅಂದರೆ ಪಾಲಿನಾಮಿಯಲ್. ಅಪವರ್ತನ ಫ್ಯಾಕ್ಟರ್. ವರ್ಗ ಸಮೀಕರಣ ಕ್ವಾಡ್ರಾಟಿಕ್ ಈಕ್ವೇಷನ್. ಗಣ ಸೆಟ್. ಮಾತೃಕೆ ಮ್ಯಾಟ್ರಿಕ್ಸ್. ಸಂಭವನೀಯತೆ ಪ್ರಾಬಬಿಲಿಟಿ. ಗುಣಲಬ್ಧ ಪ್ರಾಡಕ್ಟ್, ಅಂಗಡಿಯಲ್ಲಿ ಸಿಗುವುದಲ್ಲ.

ಹೊಸ ಪದಕ್ಕಿಂತ ಹೆಚ್ಚು ಕಾಡುವುದು ಎರಡು ಕೆಲಸ ಮಾಡುವ ಪದ. ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಸ್ಪರ್ಶಕವೂ ಇಂಗ್ಲಿಷಿನಲ್ಲಿ ಟ್ಯಾಂಜೆಂಟ್, ತ್ರಿಕೋನಮಿತಿಯ ಟ್ಯಾನ್ ಕೂಡ ಅದೇ ಟ್ಯಾಂಜೆಂಟ್. ಕನ್ನಡದಲ್ಲಿ ‘ಮೂಲ’ ಎಂಬುದು ವರ್ಗಮೂಲದಲ್ಲೂ ಬರುತ್ತದೆ, ಸಮೀಕರಣದ ಉತ್ತರಕ್ಕೂ ಬರುತ್ತದೆ, ಇಂಗ್ಲಿಷಿನ ರೂಟ್ ಕೂಡ ಹಾಗೆಯೇ. ಇಂಥವಕ್ಕೆ ಪಟ್ಟಿಯಲ್ಲಿ ಎರಡು ಸಾಲು ಕೊಡಿ, ಪಕ್ಕ ಎರಡು ಚಿತ್ರ.

‘ಎಂತಕ್ಕೆ’ ಭಾಗವನ್ನು ಮಾತ್ರ ಕನ್ನಡದಲ್ಲೇ ಬರೆಯಿರಿ, ಪಿಯುಸಿಯಲ್ಲಿದ್ದರೂ. ಲೆಕ್ಕ ಇಂಗ್ಲಿಷಿನಲ್ಲಿರಲಿ, ಉತ್ತರಪತ್ರಿಕೆಗೆ ಅದು ಬೇಕು. ಕಾರಣ ತಲೆಗೆ ಬೇಕು, ತಲೆ ಯೋಚಿಸುವ ಭಾಷೆಯಲ್ಲಿರಲಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಅಪ್ಪ-ಅಮ್ಮಂದಿರು ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಹಂತ 6: ಅದೇ ದಿನ ಸಂಜೆ

ಇಪ್ಪತ್ತು ನಿಮಿಷ ಸಾಕು, ಆದರೆ ಅದೇ ದಿನ ಆಗಬೇಕು. ಮೂರು ದಿನ ಬಿಟ್ಟರೆ ನಿಮ್ಮ ಅರ್ಧಂಬರ್ಧ ಮಾತು ನಿಮಗೇ ಒಗಟು.

ಮೊದಲು ಖಾಲಿ ಬಿಟ್ಟ ಸಾಲುಗಳನ್ನು ತುಂಬಿ. ಆಮೇಲೆ ಲೆಕ್ಕದ ಭಾಗವನ್ನು ಒಂದು ಹಾಳೆಯಿಂದ ಮುಚ್ಚಿ, ‘ಎಂತಕ್ಕೆ’ ಭಾಗ ಮಾತ್ರ ನೋಡುತ್ತ ಎಡಪುಟದಲ್ಲಿ ಲೆಕ್ಕವನ್ನು ಮತ್ತೆ ಮಾಡಿ. ಬಂದರೆ, ಸಂಖ್ಯೆ ಬದಲಿಸಿ ಒಂದು ನಿಮ್ಮದೇ ಲೆಕ್ಕ ಹುಟ್ಟಿಸಿ. 6 ಇದ್ದಲ್ಲಿ 10 ಹಾಕಿ. 7 ಹಾಕಿ ನೋಡಿ, ಅರ್ಧ 3.5 ಬಂದು ಗೋಳು ಶುರುವಾಗುತ್ತದೆ, ಆ ಗೋಳು ಈಗಲೇ ಬರುವುದು ಒಳ್ಳೆಯದು.

ಎಡಪುಟ ಇರುವುದು ಇದಕ್ಕೇ. ಚಿತ್ರಕ್ಕೂ ಅದೇ ಜಾಗ. ವರ್ಗ ಪೂರ್ಣಗೊಳಿಸುವುದನ್ನು ಒಂದು ಹುಡುಗಿ ನನ್ನೆದುರೇ ಹೀಗೆ ಬರೆದಳು: ಬಾಹು ‘ಎಕ್ಸ್’ ಇರುವ ಚೌಕದ ಅಂಗಳ. ಅದರ ಬಲಕ್ಕೆ 3 ಅಗಲದ ಪಟ್ಟಿ, ಕೆಳಗೆ 3 ಅಗಲದ ಇನ್ನೊಂದು ಪಟ್ಟಿ, ಎರಡೂ ಸೇರಿ 6ಎಕ್ಸ್. ಮೂಲೆಯಲ್ಲಿ 3ಕ್ಕೆ 3ರ ಒಂದು ತುಂಡು ಖಾಲಿ. ‘ಆ ಮೂಲೆಗೆ ಸಗಣಿ ಸಾರಿಸೋದು ಬಾಕಿ ಸಾರ್, ಅದೇ ಒಂಬತ್ತು’ ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಇವತ್ತಿನವರೆಗೆ ಹೇಳಿಲ್ಲ.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಮನೆಯ ಮಕ್ಕಳಿಗೆ ಸಂಜೆ ಪುಸ್ತಕ ಹಿಡಿಯಲು ಪುರುಸೊತ್ತಿರುವುದಿಲ್ಲ, ಗೊತ್ತು. ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವಾಗ ಕೈಗೆ ಕೆಲಸ, ಬಾಯಿ ಖಾಲಿ. ಆ ದಿನದ ‘ಎಂತಕ್ಕೆ’ಗಳನ್ನು ಪಕ್ಕದಲ್ಲಿ ಕೂತವರಿಗೆ ಹೇಳುತ್ತ ಹೋಗಿ. ಅಜ್ಜಿಗೆ ಬೀಜಗಣಿತ ಬೇಕಾಗಿಲ್ಲ, ಆದರೆ ‘ಅದೆಂತಕ್ಕೆ ಹಾಗೆ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಲು ತಡವರಿಸಿದ ಜಾಗವನ್ನು ನಾಳೆ ನೋಡಿಕೊಳ್ಳಿ. ಬೆರಳಿನ ಮೇಲೂ ಕಣ್ಣಿರಲಿ.

ಹಂತ 7: ಸೂತ್ರಗಳ ಪುಟ

ಪಾಠ ಮುಗಿದಾಗ ಒಂದು ಪುಟದಲ್ಲಿ ಸೂತ್ರ ಬರೆಯುವುದು ಎಲ್ಲರೂ ಮಾಡುತ್ತಾರೆ. ಸೂತ್ರದ ಜೊತೆ ಇನ್ನೆರಡು ವಿಷಯ ಸೇರಿಸಿ: ಅದು ಎಲ್ಲಿ ನಡೆಯುತ್ತದೆ, ಅದರಲ್ಲಿ ವಿಚಿತ್ರ ಕಾಣುವ ಭಾಗ ಎಂತಕ್ಕೆ ಬಂತು.

ಸಮಾಂತರ ಶ್ರೇಢಿಯ ಎನ್‌ನೇ ಪದ ಎ + (ಎನ್ − 1)ಡಿ. ಎಲ್ಲಿ ನಡೆಯುತ್ತದೆ? ಪಕ್ಕಪಕ್ಕದ ಪದಗಳ ವ್ಯತ್ಯಾಸ ಉದ್ದಕ್ಕೂ ಒಂದೇ ಇದ್ದಾಗ ಮಾತ್ರ. ವಿಚಿತ್ರ ಯಾವುದು? ಆ ‘−1’. ಹನ್ನೊಂದನೇ ಪದಕ್ಕೆ ಹನ್ನೊಂದು ಸಲ ಕೂಡಿಸದೆ ಹತ್ತೇ ಸಲ ಎಂತಕ್ಕೆ? ತೋಟದ ಸಾಲಿನಲ್ಲಿ ನಿಂತು ಎಣಿಸಿ. ಒಂಬತ್ತು ಅಡಿಗೊಂದರಂತೆ ನೆಟ್ಟ ಸಾಲಿನಲ್ಲಿ ಮೊದಲ ಮರದಿಂದ ಹನ್ನೊಂದನೇ ಮರಕ್ಕೆ 90 ಅಡಿ, 99 ಅಲ್ಲ. ಮರ ಹನ್ನೊಂದು, ನಡುವಿನ ಅಂತರ ಹತ್ತು. ಮೊದಲ ಮರದ ಹತ್ತಿರ ಹೋಗಲು ಹೆಜ್ಜೆ ಇಡಬೇಕಾಗಿಲ್ಲ, ಅಲ್ಲೇ ನಿಂತಿದ್ದೀರಿ. ಈ ಎರಡು ಸಾಲು ಸೂತ್ರದ ಪಕ್ಕ ಇದ್ದರೆ ‘ಎನ್’ ಹಾಕಬೇಕೋ ‘ಎನ್ − 1’ ಹಾಕಬೇಕೋ ಎಂದು ಪರೀಕ್ಷಾ ಕೊಠಡಿಯಲ್ಲಿ ಬೆವರುವ ಕೆಲಸವಿಲ್ಲ. ಆಗಲೇ ಹೇಳಿದ ಎಕರೆಗೆ 537ರ ಲೆಕ್ಕ ನಿಜವಾದ ತೋಟಕ್ಕೆ ಕರಾರುವಾಕ್ಕಾಗಿ ಹೊಂದದಿರಲು ಒಂದು ಕಾರಣವೂ ಇದೇ, ಅಂಚಿನ ಮರಗಳು.

ಹಂತ 8: ರಜೆ, ಫೋನು, ಗೆಳೆಯರ ಪುಸ್ತಕ

ಜುಲೈಯಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಘೋಷಣೆಯಾಗುತ್ತದೆ. ಅದು ಎಲ್ಲರಿಗೂ ರಜೆ, ಪಾಠ ತಪ್ಪುವುದಿಲ್ಲ. ತೊಂದರೆ ಬರುವುದು ಶಾಲೆ ಇದ್ದು, ಹಳ್ಳ ತುಂಬಿ ನಿಮಗೊಬ್ಬರಿಗೆ ದಾಟಲಾಗದ ದಿನ. ಗೆಳೆಯರ ಪುಸ್ತಕ ತಂದು ನಕಲು ಮಾಡುವ ಮೊದಲು ಪಠ್ಯಪುಸ್ತಕದ ಆ ಭಾಗ ಓದಿ, ಅದರಲ್ಲಿ ಬಿಡಿಸಿ ತೋರಿಸಿದ ಒಂದು ಲೆಕ್ಕವನ್ನು ಮಾಡಿ. ಆಮೇಲೆ ಗೆಳೆಯರ ಪುಸ್ತಕದಲ್ಲಿ ‘ಎಂತಕ್ಕೆ’ ಭಾಗವನ್ನಷ್ಟೇ ನೋಡಿ. ಅವರ ಪುಸ್ತಕದಲ್ಲಿ ಆ ಭಾಗ ಇಲ್ಲವೇ? ಹಾಗಾದರೆ ಅವರನ್ನೇ ಕೂರಿಸಿ ಹೇಳಿಸಿ. ಇಬ್ಬರಿಗೂ ಲಾಭ.

ಬೋರ್ಡಿನ ಫೋಟೋ ತೆಗೆಯುವ ಅಭ್ಯಾಸ ಕಾಲೇಜಿನಲ್ಲಿ ಹೆಚ್ಚು. ಫೋಟೋ ತೆಗೆದ ಕ್ಷಣ ತಲೆ ‘ಆಯ್ತು’ ಎಂದುಕೊಳ್ಳುತ್ತದೆ, ಮತ್ತೆ ಅದನ್ನು ತೆರೆಯುವುದಿಲ್ಲ. ದೊಡ್ಡ ಚಿತ್ರ, ಕೋಷ್ಟಕ ಇದ್ದರೆ ತೆಗೆಯಿರಿ, ಸಂಜೆ ಎಡಪುಟಕ್ಕೆ ಇಳಿಸಿ, ಫೋನಿನಿಂದ ಅಳಿಸಿ. ಗ್ರೂಪಿನಲ್ಲಿ ಹಾಕಿಸಿಕೊಳ್ಳುತ್ತೇನೆ ಎಂದು ನಂಬಿ ಕೂರಬೇಡಿ. ನಮ್ಮೂರುಗಳಲ್ಲಿ ಕರೆಂಟು ಹೋದರೆ ಟವರ್ ಕೂಡ ಅದರ ಹಿಂದೆಯೇ ಹೋಗುತ್ತದೆ.

ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಅಂಕ ನೋಡಿ ಮಡಚಿಡಬೇಡಿ. ಅಂಕ ಹೋದ ಲೆಕ್ಕಗಳನ್ನು ಆ ಪಾಠದ ಎಡಪುಟಕ್ಕೆ ತಂದು, ಯಾವ ಸಾಲಿನಲ್ಲಿ ಜಾರಿದಿರಿ ಎಂದು ಗುರುತು ಹಾಕಿ. ಜಾಗ ಸಾಲದಿದ್ದರೆ ಪತ್ರಿಕೆಯನ್ನೇ ಅಂಟಿಸಿ. ಗೋಂದಾಗಲಿ, ಅನ್ನದ ಅಗುಳಾಗಲಿ.

ಹಂತ 9: ಪುಸ್ತಕವನ್ನು ಮಳೆಗಾಲ ದಾಟಿಸುವುದು

ಜೂನ್ ಒಂದರಂದು ಶುರುವಾದ ಪುಸ್ತಕ ಮಾರ್ಚಿನವರೆಗೆ ಬದುಕಬೇಕಾದರೆ ಸ್ವಲ್ಪ ಉಪಚಾರ ಬೇಕು. ಜೆಲ್ ಪೆನ್ನು, ಶಾಯಿ ಪೆನ್ನು ಅಕ್ಟೋಬರಿನವರೆಗೆ ಒಳಗಿರಲಿ, ಒಂದು ಹನಿ ಬಿದ್ದರೆ ಸಮೀಕರಣ ತುಂಗೆಗೆ ಸೇರಿದ ಹಾಗೆ. ಚೀಲದೊಳಗೆ ಪುಸ್ತಕಕ್ಕೆ ಬೇರೆಯೇ ಪ್ಲಾಸ್ಟಿಕ್ ಕವರು ಹಾಕಿ, ಬುತ್ತಿಯ ಡಬ್ಬಿ ಅದರ ಮೇಲೆ ಬೇಡ. ವಾರಕ್ಕೊಮ್ಮೆ ಪುಟ ಬಿಡಿಸಿ ಗಾಳಿಗಿಡಿ, ಇಲ್ಲವಾದರೆ ಆಷಾಢ ಮುಗಿಯುವುದರೊಳಗೆ ಬೂಸ್ಟು ಹಿಡಿಯುತ್ತದೆ. ತೀರಾ ಒದ್ದೆಯಾದರೆ ಹಾಳೆಗಳ ನಡುವೆ ಹಳೇ ಪೇಪರ್ ಇಟ್ಟು ಬಚ್ಚಲೊಲೆಯ ಬಿಸಿಗೆ ಇಡಬಹುದು. ಎರಡು ಮಾರು ದೂರದಲ್ಲಿ. ನನ್ನ ತ್ರಿಕೋನಮಿತಿಯ ಅರ್ಧ ಪಾಠ ಒಂದು ಸಂಜೆ ಹಂಡೆಯ ನೀರು ಕಾಯಿಸಿದೆ.